ಎಫಿ ಬಂದ ದಾರಿ

ಚೌಕದ ನಡುವೆ ಒಂದು ಕಲ್ಲಿನ ಕಂಬ. ಕಂಬದ ತುದಿಯಲ್ಲಿ ಒಂಟಿಕೊಂಬಿನ ಕಲ್ಲುಕುದುರೆ. ಅದರ ಬೆನ್ನಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗಿರಲಿಲ್ಲ. ಸುತ್ತಲೂ ಬೇಕರಿ, ಔಷಧದ ಅಂಗಡಿ, ಉಣ್ಣೆಯ ಅಂಗಡಿ. ಒಂದರ ಕಿಟಕಿಯೂ ಕಾಣುತ್ತಿರಲಿಲ್ಲ. ಎಲ್ಲ ಗಾಜುಗಳ ಮೇಲೂ ಅಡ್ಡಡ್ಡಲಾಗಿ ಹಲಗೆ ಬಡಿದಿದ್ದರು. ಹೊಸ ಹಲಗೆಗೆ ಜೇನಿನ ಬಣ್ಣ, ಹಳೆಯದಕ್ಕೆ ಬೂದಿಯ ಬಣ್ಣ. ಎಲ್ಲೂ ಒಂದು ಚಕ್ರ ಉರುಳುತ್ತಿರಲಿಲ್ಲ. ಫೆಬ್ರವರಿಯ ಎಳೆಬಿಸಿಲು, ಯಾರೋ ಹಾಸಿ ಮರೆತುಹೋದ ಬಟ್ಟೆಯ ಹಾಗೆ, ಕಲ್ಲುಹಾಸಿನ ಮೇಲೆ ಸುಮ್ಮನೆ ಬಿದ್ದಿತ್ತು. ಬೇಕರಿಯ ಚಿಮಣಿಯ ಹೊಗೆ ಗಾಳಿಯಿಲ್ಲದೆ ನೆಟ್ಟಗೆ ನಿಂತಿತ್ತು.

"ನೋಡಿದ್ದು ಸಾಕು ಎಫಿ, ಆ ಮೊಳೆ ಕೊಡು," ಎಂದರು ತಾತ, ಏಣಿಯ ಮೇಲಿನಿಂದ.

ಎಫಿ ಮೊಳೆ ಕೊಟ್ಟಳು. ತಾತ ತಮ್ಮ ಮನೆಯ ಕಿಟಕಿಗೆ ಕೊನೆಯ ಹಲಗೆ ಬಡಿದರು. ಏಣಿಯನ್ನು ಹಿಡಿದುಕೊಂಡಿದ್ದವನು ಅವಳ ಸೋದರಮಾವನ ಮಗ ರೋರಿ. ಅವನಿಗೆ ಹನ್ನೊಂದು, ಅವಳಿಗೆ ಹತ್ತು.

ಇವತ್ತು ವೆಡರ್‌ಲಾ ಊರಿನ ಚೆಂಡಿನ ದಿನ. ಹನ್ನೆರಡಕ್ಕೆ ಮಕ್ಕಳ ಆಟ, ಎರಡಕ್ಕೆ ದೊಡ್ಡವರದ್ದು. ವರ್ಷದಲ್ಲಿ ಇದೊಂದು ದಿನ ಊರು ಎರಡಾಗುತ್ತದೆ. ಕೋಟೆಯ ಕಡೆಯವರು ಮೇಲ್ಪೇಟೆ, ಸೇತುವೆಯ ಕಡೆಯವರು ಕೆಳಪೇಟೆ. ಚರ್ಮದ ಚೆಂಡೊಂದನ್ನು ಕಂಬದ ಬಳಿ ಮೇಲಕ್ಕೆ ಎಸೆಯುತ್ತಾರೆ. ಕೋಟೆಯ ಗೋಡೆ ದಾಟಿಸಿದರೆ ಮೇಲ್ಪೇಟೆ ಗೆದ್ದಿತು. ಹೊಳೆಯ ನೀರಿಗೆ ಮುಟ್ಟಿಸಿದರೆ ಕೆಳಪೇಟೆ. ಕಾಲಿನಿಂದ ಒದೆಯುವ ಹಾಗಿಲ್ಲ. ಅಪ್ಪಿಕೊಂಡು, ಅಂಗಿಯೊಳಗೆ ಬಚ್ಚಿಟ್ಟು, ಕಿತ್ತುಕೊಂಡು ಓಡಬೇಕು. ಕಿಟಕಿಗಳಿಗೆ ಹಲಗೆ ಬಡಿಯುವುದು ಈ ನುಗ್ಗಾಟಕ್ಕಾಗಿಯೇ.

"ನಾನು ಮೇಲ್ಪೇಟೆ, ಅಪ್ಪ ಮೇಲ್ಪೇಟೆ, ತಾತ ಮೇಲ್ಪೇಟೆ," ಎಂದ ರೋರಿ. "ನಮ್ಮ ಬೆಕ್ಕೂ ಮೇಲ್ಪೇಟೆ."

"ಬೆಕ್ಕಿಗೇನೋ ಗೊತ್ತು?"

"ಅದು ಕೋಟೆ ಹತ್ರ ಹುಟ್ಟಿದ್ದು. ರೂಲ್ ಅಂದ್ರೆ ರೂಲ್ ಕಣೇ."

ಊರಲ್ಲಿ ಹುಟ್ಟಿದವರದು ಹುಟ್ಟಿದ ಕಡೆ. ಹೊರಗಿನಿಂದ ಬಂದವರಿಗೆ ಬೇರೆ ನಿಯಮ: ಮೊಟ್ಟಮೊದಲ ಸಲ ಯಾವ ದಾರಿಯಿಂದ ಊರನ್ನು ಹೊಕ್ಕರೋ ಬದುಕಿರುವವರೆಗೂ ಅವರು ಆ ಕಡೆಯವರು.

ಎಫಿ ತಲೆಯೆತ್ತದೆ ಉಳಿದ ಮೊಳೆಗಳನ್ನು ಎಣಿಸತೊಡಗಿದಳು.

ಅವಳ ಮನೆ ಇರುವುದು ದೂರದ ಶೆಟ್‌ಲ್ಯಾಂಡ್ ದ್ವೀಪದಲ್ಲಿ. ಇಷ್ಟು ವರ್ಷ ಬೇಸಿಗೆಯಲ್ಲಿ ತಾತನೇ ಹಡಗು ಹತ್ತಿ ಅಲ್ಲಿಗೆ ಬರುತ್ತಿದ್ದರು. ಈ ಸಲ ಅವಳೇ ಇಲ್ಲಿಗೆ ಬರುವುದೆಂದು ಗೊತ್ತಾದಾಗ ಅಮ್ಮನಿಗೆ ಒಂದು ಕಾಗದ ಬಂದಿತ್ತು. 'ಮಗುವನ್ನು ಮೇಲಿನ ದಾರಿಯಿಂದಲೇ ಕರೆದುಕೊಂಡು ಬಾ.' ಆ ಸಾಲಿನ ಕೆಳಗೆ ತಾತ ಎರಡು ಗೆರೆ ಎಳೆದಿದ್ದರು.

ಬಸ್ಸು ದಿನವೂ ಬರುವುದು ಮೇಲಿನ ದಾರಿಯಲ್ಲೇ. ಆದರೆ ನಿನ್ನೆ ಸಂಜೆ ಆ ರಸ್ತೆಯ ತುಂಬ ಕುರಿಗಳಿದ್ದವು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕುರಿಗಳು ಅವನನ್ನು ನೋಡಿದವು, ಅಷ್ಟೆ. ಅವನು ಗೊಣಗಿಕೊಂಡು ಬಸ್ಸನ್ನು ಕೆಳಗಿನ ದಾರಿಗೆ ತಿರುಗಿಸಿದ. ಬಸ್ಸಿನಲ್ಲಿ ಬೇರೆ ಪ್ರಯಾಣಿಕರಿರಲಿಲ್ಲ. ಅಮ್ಮನಿಗೆ ಗಾಢ ನಿದ್ದೆ. ಸೇತುವೆಯ ಕೆಳಗೆ ಮಿನುಗುತ್ತಿದ್ದ ನೀರನ್ನು ಕಂಡವಳು ಎಫಿ ಒಬ್ಬಳೇ.

ಎರಡೂ ದಾರಿಗಳು ಕೂಡಿದ ಮೇಲೆ ಬರುವ ಸ್ಟಾಪಿನಲ್ಲಿ ಕಾದಿದ್ದ ತಾತ ಮೊದಲು ಕೇಳಿದ್ದೇ ಅದನ್ನು. "ಮೇಲಿನ ದಾರಿ ತಾನೇ?"

"ಬಸ್ಸು ಇನ್ಯಾವ ದಾರೀಲಿ ಬರುತ್ತೆ ಅಪ್ಪಾ?" ಎಂದು ಅಮ್ಮ ಆಕಳಿಸಿದ್ದರು. ಎಫಿ ತನ್ನ ಶೂಗಳನ್ನು ನೋಡಿಕೊಂಡಿದ್ದಳು.

ತಾತ ಸೂಪ್ ಮಾಡಲು ಒಳಗೆ ಹೋದರು. ಚೌಕದಲ್ಲಿ ಮಕ್ಕಳು ಸೇರತೊಡಗಿದರು. ರೋರಿಗಿಂತ ಒಂದು ಗೇಣು ಎತ್ತರದ ಹುಡುಗಿಯೊಬ್ಬಳು ನೇರ ಇವರ ಬಳಿ ಬಂದಳು. ಅವಳು ನೆಲ್, ಕೆಳಪೇಟೆಯ ಮಕ್ಕಳ ನಾಯಕಿ.

"ಏನೋ ರೋರಿ, ಹೋದ ವರ್ಷ ಹೊಳೇಲಿ ಕಳ್ಕೊಂಡ ಶೂ ಸಿಕ್ತಾ?"

"ಅದು ನಿಮ್ಮ ಪೇಟೆಗೆ ಗಿಫ್ಟು. ಗಾಜಿನ ಪೆಟ್ಟಿಗೇಲಿ ಇಟ್ಕೊಳ್ಳಿ."

"ಇಟ್ಟಿದ್ವಿ. ವಾಸನೆ ತಡೀಲಾರದೆ ಆಚೆ ಹಾಕಿದ್ವಿ." ನೆಲ್ ಎಫಿಯ ಕಡೆ ತಿರುಗಿದಳು. "ನೀನು ಟರ್ನ್‌ಬುಲ್ ತಾತನ ಮೊಮ್ಮಗಳು ಅಲ್ವಾ? ಯಾವ ದಾರೀಲಿ ಬಂದೆ?"

"ಮೇಲಿನ ದಾರಿ," ಎಂದಳು ಎಫಿ.

"ಅಯ್ಯೋ. ನಮ್ಮಲ್ಲಿ ಏಳು ಜನಕ್ಕೆ ಜ್ವರ. ನೀನಾದ್ರೂ ಸಿಗ್ತೀಯೇನೋ ಅಂದ್ಕೊಂಡೆ." ನೆಲ್ ಮತ್ತೇನೂ ಕೇಳಲಿಲ್ಲ.

ಎಫಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. "ಅಷ್ಟೇನಾ? ನಾನು ಸುಳ್ಳು ಹೇಳ್ತಿದ್ರೆ?"

"ದಾರಿ ವಿಷಯಕ್ಕಾ?" ನೆಲ್ ನಿಜವಾಗಿಯೂ ಅರ್ಥವಾಗದವಳಂತೆ ಹುಬ್ಬು ಗಂಟಿಕ್ಕಿದಳು. "ಅದಕ್ಕೆ ಯಾರಾದ್ರೂ ಯಾಕೆ ಸುಳ್ಳು ಹೇಳ್ತಾರೆ?" ಆಮೇಲೆ ಎಫಿಯ ಸ್ಕಾರ್ಫಿನ ತುದಿಯನ್ನು ತಾನೇ ಅವಳ ಕೋಟಿನೊಳಗೆ ತುರುಕಿದಳು. "ಇದನ್ನ ಹೀಗೆ ಹೊರಗೆ ಬಿಡ್ಬೇಡ. ನುಗ್ಗಾಟದಲ್ಲಿ ಯಾರಾದ್ರೂ ಎಳೆದ್ರೆ ಕುತ್ತಿಗೆಗೆ ಕಷ್ಟ. ನಾನೇ ಎಳೆದ್ರೂ ಎಳೀಬಹುದು."

ನೆಲ್ ತನ್ನವರ ಕಡೆ ಓಡಿದಳು. ಎಣಿಸಿದರೆ ಅಲ್ಲಿ ನಿಜಕ್ಕೂ ಸ್ವಲ್ಪವೇ ಜನ. ಎಫಿ ಅವರನ್ನು ನೋಡುತ್ತ ನಿಂತಳು. ಕೋಟಿನೊಳಗಿನ ಸ್ಕಾರ್ಫು ಚುಚ್ಚುತ್ತಿತ್ತು.

"ಎಲ್ಲಿಗೇ? ಇನ್ನು ಹತ್ತೇ ನಿಮಿಷ," ಎಂದು ರೋರಿ ಕೂಗುತ್ತಿದ್ದಂತೆ ಅವಳು ಮನೆಯೊಳಕ್ಕೆ ಹೋದಳು.

ಅಡುಗೆಮನೆಯಲ್ಲಿ ತಾತ ಟರ್ನಿಪ್ ಗೆಡ್ಡೆ ಹೆಚ್ಚುತ್ತಿದ್ದರು. ಅಮ್ಮ ಯಾರೋ ಹಳೆಯ ಗೆಳತಿಯ ಮನೆಗೆ ಹೋಗಿದ್ದರು.

"ತಾತ, ನಾನು ಸೇತುವೆ ಮೇಲಿಂದ ಬಂದೆ."

ಚಾಕು ನಿಂತಿತು. "ಯಾವಾಗ?"

"ನಿನ್ನೆ. ಮೇಲಿನ ರಸ್ತೆ ತುಂಬಾ ಕುರಿ ಇತ್ತು. ಬಸ್ಸು ತಿರುಗಿಸಿಬಿಟ್ರು. ಅಮ್ಮಂಗೆ ನಿದ್ದೆ."

"ನೀನು ಎಚ್ಚರವಾಗಿದ್ಯಾ?"

"ಹೂಂ."

"ನೀರು ನೋಡಿದ್ಯಾ?"

"ನೋಡಿದೆ ತಾತ. ಎರಡೂ ಕಡೆ."

ತಾತ ಮೆಲ್ಲನೆ ಸ್ಟೂಲಿನ ಮೇಲೆ ಕುಳಿತರು. ಅಲ್ಲಿಂದಲೇ ಕೈಚಾಚಿ ಕುದಿಯುವ ಬಾರ್ಲಿಯನ್ನು ಒಮ್ಮೆ ತಿರುವಿದರು.

"ಎರಡು ಗೆರೆ ಎಳೆದಿದ್ದೆ," ಎಂದರು ಕೊನೆಗೆ. "ಕುರಿಗಳಿಗೂ ಒಂದು ಕಾಗದ ಹಾಕ್ಬೇಕಿತ್ತು."

ಎಫಿಗೆ ನಗು ಬರಲಿಲ್ಲ. "ನಾನು ನಿಮ್ಮ ಕಡೆ ಆಡ್ಬೇಕು ಅಂತಿದ್ದೆ."

"ಗೊತ್ತು ಮಗಳೇ." ತಾತ ಚಾಕುವನ್ನು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಒರೆಸಿದರು. "ನಿಮ್ಮಜ್ಜಿ ಎಲ್ಲಿ ಹುಟ್ಟಿದ್ದು ಗೊತ್ತಾ? ಸೇತುವೆ ಪಕ್ಕದ ಮನೇಲಿ. ಪಕ್ಕಾ ಕೆಳಪೇಟೆ. ನಲವತ್ತೊಂದು ವರ್ಷ, ಈ ದಿನ, ಈ ಅಡುಗೆಮನೆಯಿಂದ ನನ್ನ ಎದುರಾಳಿಯಾಗಿ ಎದ್ದು ಹೋದ್ಲು."

ಎಫಿ ಅಜ್ಜಿಯನ್ನು ಕಂಡದ್ದು ಫೋಟೋದಲ್ಲಿ ಮಾತ್ರ. "ಜಗಳ ಆಡ್ತಿದ್ರಾ?"

"ಜಗಳ ಆಡೋಕೆ ಮಾತಾದ್ರೂ ಬೇಕಲ್ಲ. ಚೆಂಡಿನ ದಿನ ಬೆಳಗ್ಗೆಯಿಂದ ಸಂಜೆವರೆಗೆ ಇಬ್ಬರಿಗೂ ಮಾತಿಲ್ಲ. ಒಂದು ವರ್ಷ ಚೆಂಡು ನನ್ನ ಅಂಗಿಯೊಳಗಿತ್ತು. ಗಂಡ ಅನ್ನೋ ಮರ್ಯಾದೆನೂ ನೋಡ್ದೆ ಕೈ ಹಾಕಿ ಕಿತ್ಕೊಂಡು ಓಡಿದ್ಲು. ಎರಡು ಗುಂಡಿ ಹೋಯ್ತು."

"ಆಮೇಲೆ?"

"ಆಮೇಲೇನು. ಸಂಜೆ ಇದೇ ಒಲೆ ಮುಂದೆ ಇಬ್ಬರೂ ಕಾಲು ಕಾಯಿಸ್ಕೊಂಡ್ವಿ. ಅವಳೇ ಗುಂಡಿ ಹೊಲಿದ್ಲು."

ತಾತ ಒಲೆಯ ಬೆಂಕಿಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದು ನಗುವೇ, ಆದರೆ ಬಹಳ ದೂರದಿಂದ ಬಂದ ನಗು.

"ಈಗ ನನ್ನ ಮೇಲೆ ಕೋಪಾನಾ?"

"ಭಾರೀ ಕೋಪ. ಸಂಜೆ ಆರು ಗಂಟೆವರೆಗೆ."

ಅಷ್ಟರಲ್ಲಿ ರೋರಿ ಏದುಸಿರು ಬಿಡುತ್ತ ಬಂದ. "ಎಫಿ, ಬಾರೇ. ಎಲ್ಲರೂ ಕಾಯ್ತಿದ್ದಾರೆ."

"ಅವಳು ನಿನ್ನ ಜೊತೆ ಬರಲ್ಲ ಕಣೋ," ಎಂದರು ತಾತ. "ಸೇತುವೆ ಮೇಲಿಂದ ಬಂದವಳು."

ರೋರಿ ತಲೆಯ ಮೇಲೆ ಕೈ ಇಟ್ಟುಕೊಂಡ. "ತಾತ, ನಮ್ಮ ಪ್ಲಾನೆಲ್ಲಾ ಬೆಳಗ್ಗೆ ಇವಳಿಗೆ ಹೇಳ್ಬಿಟ್ಟಿದ್ದೀನಿ. ಬೇಕರಿ ಹಿಂದಿನ ಓಣಿ ವಿಷಯಾನೂ."

"ಹಾಗಾದ್ರೆ ಹೊಸ ಪ್ಲಾನ್ ಮಾಡು, ಓಡು. ಬಾಯಿ ಮುಚ್ಕೊಂಡು ಮಾಡು."

ರೋರಿ ಹೊರಗೆ ಓಡಿದ. ಹೋಗುವಾಗ ಎಫಿಯತ್ತ ತಿರುಗಿ ನಾಲಿಗೆ ಚಾಚಿದ. ಅದರಲ್ಲಿ ಅರ್ಧ ಸಿಟ್ಟು, ಅರ್ಧ ಸಲಿಗೆ.

ಎಫಿಯ ಶೂ ಲೇಸು ಸಡಿಲವಾಗಿತ್ತು. ತಾತ ಮಂಡಿ ಹಿಡಿದುಕೊಂಡು ನೆಲಕ್ಕೆ ಬಗ್ಗಿದರು. ಒಂದು ಗಂಟು, ಅದರ ಮೇಲೆ ಇನ್ನೊಂದು. ಬಿಚ್ಚಬೇಕೆಂದರೂ ಬಿಚ್ಚದಷ್ಟು ಬಿಗಿಯಾಗಿ.

"ಜಾರಿ ಬಿದ್ದವರ ಕೈಯಿಂದ ಚೆಂಡು ಕಿತ್ಕೊಂಡು ಗೆಲ್ಲೋದು ನಮ್ಮ ಮೇಲ್ಪೇಟೆಯವರಿಗೆ ಇಷ್ಟವಿಲ್ಲ," ಎಂದರು. ಆಮೇಲೆ ಎದ್ದು ನಿಂತು ತುಟಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡರು.

ಎಫಿ ಒಂದು ಕ್ಷಣ ಕಾದಳು. ತಾತನ ಕಣ್ಣಂಚು ಮಾತ್ರ ಮಿನುಗುತ್ತಿತ್ತು.

'ಹೋಗ್ಬರ್ತೀನಿ' ಎನ್ನಲು ಅವಳು ಬಾಯಿ ತೆರೆದಳು. ಅಜ್ಜಿಯ ಕತೆ ನೆನಪಾಗಿ ಹಾಗೆಯೇ ಮುಚ್ಚಿದಳು. ತಾತನ ಹಾಗೆ ತುಟಿ ಬಿಗಿದು, ತಲೆಯೆತ್ತಿ, ಎದುರಾಳಿಯೊಬ್ಬಳು ನಡೆಯಬೇಕಾದ ಹಾಗೆ ನಡೆದು ಹೊಸಿಲು ದಾಟಿದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.