ಎರಡು ಕೆಂಪು, ಎರಡು ಹಸಿರು

ಆ ಕತ್ತಲೆ ಕೋಣೆಯಲ್ಲಿ ಅವನಿಗೆ ಮುಖವಿರಲಿಲ್ಲ. ದನಿ ಮಾತ್ರ ಇತ್ತು.

ಲ್ಯಾಬಿನಲ್ಲಿ ಗಾಜಿನ ಸ್ಲೈಡ್ ತೊಳೆಯುವ ಹುಡುಗಿ ಆ ದನಿಗೇ ಮರುಳಾಗಿದ್ದಳು. ಅವನು ಟೆಕ್ನೀಷಿಯನ್. ಬಾಯಿ, ಗಂಟಲಿನ ಕ್ಯಾನ್ಸರ್ ಗಡ್ಡೆಗಳ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು ಹೊಳೆಯುವ ಚುಕ್ಕೆ ಎಣಿಸುವುದು ಅವನ ಕೆಲಸ. ಹಸಿರು ಚುಕ್ಕೆಯೆಂದರೆ ಒಂದು ಕ್ರೋಮೋಸೋಮು. ಕೆಂಪು ಚುಕ್ಕೆ, ಅದರ ಮೇಲೆ ಕೂತ ಒಂದು ಜೀನು. ಪ್ರತಿ ಜೀವಕೋಶದಲ್ಲೂ ಎರಡು ಕೆಂಪು, ಎರಡು ಹಸಿರು ಇದ್ದರೆ ಎಲ್ಲ ಸರಿ. ಕೆಂಪು ಗೊಂಚಲುಗಟ್ಟಿದ್ದರೆ ಆ ಜೀನು ಹುಚ್ಚೆದ್ದು ತನ್ನನ್ನೇ ಹತ್ತಾರು ಮಾಡಿಕೊಂಡಿದೆ ಎಂದರ್ಥ. ಅಂಥ ರೋಗ ಬೇಗ ಹಬ್ಬುತ್ತದೆ.

ಬೆಳಕು ತಾಗಿದರೆ ಚುಕ್ಕೆಗಳು ಮಾಸುತ್ತವೆಂದು ಹಗಲಲ್ಲೂ ಅಲ್ಲಿ ಕತ್ತಲು. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಬೇಕೆಂಬುದು ನಿಯಮ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ಅವಳದು ಹದ್ದಿನ ಕಣ್ಣು; ಎರಡನೇ ಎಣಿಕೆಗೆ ಅವನು ಅವಳನ್ನೇ ಕೂರಿಸಿಕೊಂಡಿದ್ದ. ಮಾತಾಡಲು ಮಾತ್ರ ನಾಚಿಕೆ; ಮೊದಲು ಕೆಂಪಿಗೆ, ಆಮೇಲೆ ಹಸಿರಿಗೆ, ಬೆರಳಿಂದ ಮೇಜು ತಟ್ಟಿ ಹೇಳುತ್ತಿದ್ದಳು.

"ಬಾಯ್ತೆರೆದ್ರೆ ಮುತ್ತು ಉದುರಿ ಹೋಗುತ್ತಾ? ಇನ್ಮೇಲೆ ನಿನ್ನ ಹೆಸರು ಮೂಗಿ," ಎಂದು ಅವನು ರೇಗಿಸಿದ.

ಟಕ್ ಟಕ್ ಟಕ್ ಟಕ್.

"ಅಯ್ಯೋ, ಇಷ್ಟೊಂದು ಬೈತೀಯಾ?"

ಕತ್ತಲಲ್ಲಿ ಅವಳು ನಕ್ಕರೂ ಅವನಿಗೆ ಹೇಗೋ ತಿಳಿಯುತ್ತಿತ್ತು.

ಬರಬರುತ್ತಾ ಆ ದನಿ ಒಡೆಯಿತು. ಒಣಗಿದೆಲೆಗಳ ಮೇಲೆ ಯಾರೋ ಹೆಜ್ಜೆಯಿಟ್ಟು ಬಂದಂತೆ ಕೇಳಿಸತೊಡಗಿತು. "ಬರೀ ಶೀತ ಕಣೇ," ಎಂದ. ಆರು ವಾರವಾದರೂ ಶೀತ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಹೊಸ ಸ್ಲೈಡು ಕೊಟ್ಟ. ಉಳಿದವಕ್ಕೆಲ್ಲ ಪ್ರಿಂಟಾದ ಚೀಟಿ. ಇದಕ್ಕೆ ಪೆನ್ಸಿಲ್ಲಿನ ನಂಬರು, ಅವನದೇ ಕೈಬರಹ.

"ಧ್ವನಿಪೆಟ್ಟಿಗೇನೇ ತೆಗೀಬೇಕು ಅಂತಾರೆ ಡಾಕ್ಟ್ರು. ಪೇಷೆಂಟ್ ಒಪ್ತಿಲ್ಲ. ಕೆಂಪು ಎರಡೇ ಇದ್ರೆ ಕಾದು ನೋಡ್ತಾನಂತೆ. ಗೊಂಚಲಿದ್ರೆ ಆಪರೇಷನ್. ನಾನು ಎಣಿಸಲ್ಲ. ನೀನೇ ಹೇಳು."

ಅವಳು ಕಣ್ಣಿಟ್ಟಳು. ನೂರು ಕೆಂಪು ಕಣ್ಣುಗಳು ಮುತ್ತಿಕೊಂಡು, ಅವನ ಗಂಟಲೊಳಗಿಂದ ಅವಳನ್ನೇ ದಿಟ್ಟಿಸುತ್ತಿದ್ದವು.

ಟಕ್, ಟಕ್.

ಬೆರಳು ನಿಂತಿತು. ಇಷ್ಟಕ್ಕೇ ನಿಲ್ಲಿಸಿದರೆ ಆ ದನಿ ಇನ್ನೂ ಕೆಲವು ದಿನ ತನ್ನದು. ಆಮೇಲೆ ದನಿಯೂ ಇಲ್ಲ, ಅವನೂ ಇಲ್ಲ.

ಮೂರನೆಯದು ತಟ್ಟಿದಳು. ನಾಲ್ಕು. ಐದು. ಬೆರಳತುದಿ ಉರಿಯುವವರೆಗೂ ತಟ್ಟಿದಳು.

"ಸಾಕು," ಅಂದ. "ಯಾರದ್ದು ಅಂತ ಗೊತ್ತಾ?"

ಟಕ್.

"ಹಾಗಾದ್ರೆ ಗಂಟಲು ಇರೋವಾಗ್ಲೇ ಹೇಳ್ಬಿಡ್ತೀನಿ. ಹನ್ನೊಂದು ವರ್ಷ ಈ ಕತ್ತಲಲ್ಲಿ ಒಬ್ಬನೇ ಕೂತಿದ್ದೆ, ಹೆದರಿಕೆ ಇರ್ಲಿಲ್ಲ. ಈಗ ನೀನು ಎದ್ದು ಹೋದ್ರೆ ಹೆದರಿಕೆಯಾಗುತ್ತೆ ಕಣೇ."

ಅವಳ ಬೆರಳು ಮತ್ತೆ ಮೇಜು ತಡವಿತು.

"ಈಗ ಬೇಡ. ನಾನು ವಾಪಸ್ ಬಂದ್ಮೇಲೆ ಹೇಳು. ಮೇಜು ತಟ್ಟಿ ಅಲ್ಲ, ಬಾಯಿಬಿಟ್ಟು."

ಎರಡು ತಿಂಗಳು ಕಳೆಯಿತು. ಒಂದು ದಿನ ಕತ್ತಲಲ್ಲಿ ಅವಳೊಬ್ಬಳೇ ಇದ್ದಾಗ ಬಾಗಿಲು ತೆರೆದು ಮುಚ್ಚಿಕೊಂಡಿತು. ಯಾರೋ ಉಸಿರಾಡುತ್ತಿದ್ದರು. ಸಿಳ್ಳೆಯಂಥ ತೆಳು ಉಸಿರು. ಬಾಯಿರಬೇಕಾದ ಎತ್ತರದಿಂದಲ್ಲ, ಅದಕ್ಕೂ ಕೆಳಗೆ, ಕತ್ತಿನಲ್ಲಿ ಡಾಕ್ಟರು ಕೊರೆದ ತೂತಿನಿಂದ ಬರುತ್ತಿತ್ತು.

ಮೇಜಿನ ಮೇಲೆ ಟಕ್, ಟಕ್. ನಿಂತು, ಮತ್ತೆ ಟಕ್, ಟಕ್.

ಎರಡು ಕೆಂಪು, ಎರಡು ಹಸಿರು.

"ಬಂದ್ಯಾ, ಮೂಗ?" ಅವಳ ದನಿ ಅವಳಿಗೇ ಹೊಸದಾಗಿತ್ತು.

ಸಿಳ್ಳೆ ತಡವರಿಸಿತು. ಅವನು ನಕ್ಕಿದ್ದು ಅವಳಿಗೆ ತಿಳಿಯಿತು.

"ಕೂತ್ಕೋ. ನಾನು ಎದ್ದು ಹೋಗಲ್ಲ," ಎಂದು ಕತ್ತಲಲ್ಲೇ ಅವನ ಬೆರಳು ಹುಡುಕಿ ಹಿಡಿದಳು. "ಇನ್ಮೇಲೆ ಇಬ್ಬರ ಮಾತೂ ನಾನೇ ಆಡ್ತೀನಿ."