ಸುಳ್ಳು ಕಲಿತ ಭಟ್ಟಿ

“ನನ್ನ ಮಗ ಖೂನಿ ಮಾಡಿಲ್ರಿ ಆಪಾ. ಕೋಳಿ ಕೊಯ್ಯೂ ಹೊತ್ತಿಗಿ ಮಾರಿ ತಿರುವಾಂವ ಅಂವಾ,” ಎನ್ನುತ್ತ ಕರಜಗಿಯ ಮೆಹರಾಜಬೇಗಂ ಹೊಸ್ತಿಲಲ್ಲೇ ಕುಸಿದು ಕುಳಿತಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸೂರ್ಯಕಾಂತ ಮನಸ್ಸಿನಲ್ಲೇ ಅಂದುಕೊಂಡ. ಹವಾಲ್ದಾರನಾಗಿ ತಲೆ ಹಣ್ಣಾದ ಅವನು ಇಂಥ ತಾಯಂದಿರನ್ನು ಬೇಕಾದಷ್ಟು ಕಂಡಿದ್ದ. ನಿವೃತ್ತನಾದ ಮೇಲೆ ಅಫಜಲಪುರದ ಖುರ್ಷಿದಬೇಗಂ ಅವರ ಕಾರು ಓಡಿಸುವುದು, ಅವರು ಹೇಳಿದ್ದಕ್ಕೆಲ್ಲ ಅಡ್ಡಮಾತು ಹಾಕುವುದು ಇವೆರಡೇ ಅವನ ಉದ್ಯೋಗ. ಖುರ್ಷಿದಬೇಗಂ ಅಪರಾಧ ಪ್ರಯೋಗಾಲಯದಲ್ಲಿ ದುಡಿದು ಬಂದವರು. ಸುತ್ತಲಿನ ತಾಲೂಕುಗಳಲ್ಲಿ ಬಿಡಿಸಲಾಗದ ಗಂಟು ಯಾವುದಿದ್ದರೂ ಜನ ಅವರ ಬಾಗಿಲಿಗೇ ತರುತ್ತಿದ್ದರು.

ಮೆಹರಾಜಬೇಗಂ ಹೇಳಿದ್ದು ಇಷ್ಟು. ಮಗ ಮಸೂದ ಜೇವರ್ಗಿ ಹತ್ತಿರದ ಔಷಧಿ ಬಾಟಲಿ ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮಿನ ಆಪರೇಟರ್. ಅಲ್ಲಿನ ಇಂಜಿನಿಯರ್ ಶಂಕರಲಿಂಗ ಗಾಜಿನ ಭಟ್ಟಿಯ ಕೆಳಗಿನ ಓಣಿಯಲ್ಲಿ ಹೊಗೆಯಿಂದ ಉಸಿರುಗಟ್ಟಿ ಸತ್ತಿದ್ದ. ಹೊಗೆ ಎಳೆಯುವ ಫ್ಯಾನನ್ನು ಯಾರೋ ಕೆಲಹೊತ್ತು ಬಂದ್ ಮಾಡಿರಬೇಕೆಂದು ಪೊಲೀಸರ ಲೆಕ್ಕ. ಅದರ ಒಂದು ಗುಂಡಿ ಓಣಿಯ ಬಾಗಿಲಲ್ಲಿ, ಇನ್ನೊಂದು ಮಸೂದನ ಮೇಜಿನ ಮೇಲೆ. ಮುನ್ನಾದಿನ ಇಬ್ಬರೂ ಜಗಳವಾಡಿದ್ದನ್ನು ಹತ್ತು ಜನ ಕೇಳಿದ್ದರು. ಪೊಲೀಸರಿಗೆ ಇನ್ನೇನು ಬೇಕು?

“ಅವನ ಕೊಳ್ಳಿಗಿ ಹಗ್ಗಾ ಬಿದ್ರ ನಾ ಉಳಿಯಂಗಿಲ್ಲ,” ಎಂದಳು ತಾಯಿ.

ಖುರ್ಷಿದಬೇಗಂ ಚಪ್ಪಲಿ ಮೆಟ್ಟಿದರು. “ಗಾಡಿ ತಗೀರಿ ಸೂರ್ಯಕಾಂತ.”

ಕಾರ್ಖಾನೆಯ ಮ್ಯಾನೇಜರ್ ಭಗವಂತರಾವ್ ಅವರನ್ನು ಮೇಲಿನ ಗಾಜಿನ ಕೋಣೆಗೆ ಕರೆದೊಯ್ದು ಮಾತಿನಲ್ಲೇ ಉಪಚರಿಸಿದ. ಕಿಟಕಿಯ ಕೆಳಗೇ ಕೆಂಪಗಿನ ಬಾಟಲಿಗಳು ಸಾಲಾಗಿ ಹೋಗುತ್ತಿದ್ದವು.

“ಅವತ್ತ ಮಧ್ಯಾಹ್ನದಿಂದ ಹೆಣ ಸಿಗೂತನ ನಾ ಈ ಕುರ್ಚಿ ಬಿಟ್ಟು ಎದ್ದಿಲ್ರಿ ಮೇಡಂ. ಬಾಟಲಿ ಸಾಲು ನೀರು ಹರದಂಗ ಹರಿಯಾಕತ್ತಿತ್ತು, ಒಂದೂ ಒಡೀಲಿಲ್ಲ. ಮರುದಿನ ಮಾತ್ರ ಶಾಖ ನೋಡಿಕೊಳ್ಳೂ ಆ ಹೊಸ ಮಶೀನಿಗಿ ಹುಚ್ಚು ಹಿಡೀತು. ಕಿತ್ತಿ ಒಗೀರಿ ಅಂತ ಮಾಲಕರಿಗಿ ಹೇಳೇನಿ.”

“ಓಣಿ ಕೀಲಿ ಯಾರ ಕಡೆ ಇರ್ತದ?”

“ಸತ್ತಾಂವನ ಕಡೆ ಒಂದು, ಮಸೂದನ ಕಡೆ ಒಂದು, ಭಟ್ಟಿ ಮೇಸ್ತ್ರಿ ಸಲಾವುದ್ದೀನನ ಕಡೆ ಒಂದು. ನನ್ನದೊಂದು.”

ಸಲಾವುದ್ದೀನ ಬೆಂಕಿಯ ಮುಂದೆ ಬೆಂದು ಕಪ್ಪಾದ ಮುದುಕ. ಹೊಸ ಯಂತ್ರ ಬಂದ ದಿನದಿಂದ ಅದನ್ನು ಬಯ್ಯುತ್ತಿದ್ದವನು. ಸೂರ್ಯಕಾಂತನಿಗೆ ಕೂಡಲೇ ಅವನ ಮೇಲೆ ಅನುಮಾನ ಬಂತು, ಅದನ್ನು ಕೇಳಿಯೇ ಬಿಟ್ಟ.

“ಮಶೀನ್ ಅಂದ್ರ ನಂಗ ಆಗಂಗಿಲ್ಲ, ಖರೆ,” ಎಂದ ಮುದುಕ. “ಆದ್ರ ಶಂಕರಲಿಂಗ ನನ್ನ ತಾಟಿನ್ಯಾಗ ಉಂಡಾಂವ. ಅವತ್ತ ಇಡೀ ಪಾಳಿ ಭಟ್ಟಿ ಬಾಯಿ ಮುಂದ ಇದ್ದೆ, ಹುಡುಗರನ್ನ ಕೇಳ್ರಿ.” ಹುಡುಗರೆಲ್ಲ ಹೌದೆಂದರು. ಸೂರ್ಯಕಾಂತ ಮೀಸೆ ತಿರುವುವುದನ್ನು ನಿಲ್ಲಿಸಿದ.

ಬಾಟಲಿ ಆರಿಸುವ ಹಣಮವ್ವನನ್ನು ಪೊಲೀಸರು ಮಾತಾಡಿಸಿಯೇ ಇರಲಿಲ್ಲ. ಖುರ್ಷಿದಬೇಗಂ ಅವಳ ಪಕ್ಕದಲ್ಲೇ ಕುಳಿತರು.

“ಅವತ್ತ ಮಧ್ಯಾಹ್ನ ಬಾಟಲಿ ತಳಾ ಹಪ್ಪಳ ಆಗಿ ಬರಾಕತ್ತಿದ್ವು ರೀ. ಮುಟ್ಟಿದ್ರ ಒಡೀತಿದ್ವು,” ಎಂದಳು ಅವಳು. “ಸಂಜಿಗಿ ಶಂಕರಲಿಂಗಣ್ಣನ ಹೊರಗ ತಂದ ಮ್ಯಾಲ ಒಂದ್ ಸರ್ತಿ ದಪ್ಪ, ಒಂದ್ ಸರ್ತಿ ತೆಳ್ಳಗ. ಮರುದಿನ ಮಧ್ಯಾಹ್ನದ ತನಕ ಅದೇ ಗೋಳು. ಅಳಬೇಕೋ ಬಾಟಲಿ ಆರಿಸಬೇಕೋ ತಿಳೀಲಿಲ್ಲ.” ಅವಳು ತೋರಿಸಿದ ಚೂರಿನ ರಾಶಿ ಇನ್ನೂ ಹಿತ್ತಲಲ್ಲೇ ಬಿದ್ದಿತ್ತು.

ಠಾಣೆಯ ಇನ್‌ಸ್ಪೆಕ್ಟರ್ ಖುರ್ಷಿದಬೇಗಂ ಅವರಿಗೆ ಹಳೆಯ ಪರಿಚಯ. ಲಾಕಪ್ಪಿನಲ್ಲಿ ಮಸೂದ ಗೋಡೆಗೆ ಆತು ಕುಳಿತಿದ್ದ. ಕಣ್ಣಲ್ಲಿ ಜೀವವೇ ಇರಲಿಲ್ಲ.

“ಆ ಮಶೀನು ಹೆಂಗ ಕೆಲಸ ಮಾಡ್ತದ, ನನಗ ತಿಳಿಯೂ ಹಂಗ ಹೇಳಪ್ಪ,” ಎಂದರು ಅವರು.

“ಕರಗಿದ ಗಾಜು ಕಾಲುವ್ಯಾಗ ಹರಿದು ಬರ್ತದ್ರಿ. ಅಲ್ಲಿ ಕೆಳಗಿನ ಓಣಿಯಿಂದ ತೂರಿಸಿದ ಒಂದು ಸೆನ್ಸರ್ ಕಡ್ಡಿ ಅದ, ಶಾಖ ಹೇಳ್ತದ. ಮೊದಲಿನ ಮಶೀನು ಶಾಖ ಇಳಿದ ಮ್ಯಾಲ ಗ್ಯಾಸ್ ಏರಸ್ತಿತ್ತು. ಇದು ಹಂಗಲ್ಲ. ಮುಂದ ಎಷ್ಟು ಇಳೀತದ ಅಂತ ಮೊದಲೇ ಅಂದಾಜು ಮಾಡ್ತದ. ಅಂದಾಜು ತಪ್ಪಿದ್ರ ತನ್ನ ಲೆಕ್ಕಾ ತಾನೇ ತಿದ್ದಿಕೊಳ್ತದ. ಕೂಸು ಕಲ್ತಂಗ ದಿನಾ ಭಟ್ಟಿ ಗುಣ ಕಲೀತದ. ಅದಕ್ಕ ಸೆನ್ಸರ್ ಮುಟ್ಟೂ ಮೊದಲು ಕಲಿಕಿ ಬಂದ್ ಮಾಡಬೇಕು. ಅದು ಶಂಕರಲಿಂಗ ಸಾಹೇಬರದೇ ಕಾನೂನು.”

“ಅವತ್ತ ಏನಾಯ್ತು?”

“ಪರದೆ ಮ್ಯಾಲ ಶಾಖ ಒಮ್ಮಿಂದೊಮ್ಮೆ ಇಳೀತು. ಕಡ್ಡಿ ಜಾರಿರಬೇಕು, ನೋಡಿ ಬಂದು ಬಾಗಿಲ ಹೊರಗಿನ ಫೋನಿನಿಂದ ಹೇಳ್ತೇನಿ, ಆವಾಗ ಕಲಿಕಿ ಬಂದ್ ಮಾಡು ಅಂತ ಇಳಿದು ಹೋದ್ರು. ಮೇಜು ಬಿಟ್ಟು ಏಳಂಗಿಲ್ಲ ಅಂತ ಕಾದೆ, ಫೋನ್ ಬರಲೇ ಇಲ್ಲ. ಆದ್ರ ಸಂಜಿಗಿ ಶಾಖ ತಾನೇ ಮತ್ತ ಏರಿತು. ಫೋನಿಲ್ದ ಕಡ್ಡಿ ಹೆಂಗ ಕೂಡಿಸಿದ್ರು ಅಂತ ಓಡಿ ಹೋದೆ. ಬಾಗಿಲು ತೆರೆದಿತ್ತು, ಫ್ಯಾನ್ ತಿರಗಾಕತ್ತಿತ್ತು. ಅವರು ಬಿದ್ದಿದ್ರು.”

“ಜಗಳ ಯಾಕ?”

ಮಸೂದ ಮುಖ ಮುಚ್ಚಿಕೊಂಡ. ತಿಂಗಳಿಂದ ತಿಂಗಳಿಗೆ ಅಷ್ಟೇ ಶಾಖಕ್ಕೆ ಹೆಚ್ಚು ಗ್ಯಾಸ್ ಬೇಕೆಂದು ಯಂತ್ರ ಕಲಿಯುತ್ತಿತ್ತಂತೆ. ಭಟ್ಟಿಯ ಗೋಡೆ ಸವೆದಿದೆ, ಒಡೆದರೆ ಕರಗಿದ ಗಾಜು ಪಾಳಿಯವರ ಮೇಲೆ ಬೀಳುತ್ತದೆ ಎಂದು ಶಂಕರಲಿಂಗ ಊಹಿಸಿದ್ದ. ಭಟ್ಟಿ ನಿಲ್ಲಿಸಿ ಎಂದು ಮಾಲೀಕರಿಗೆ ಹೇಳಲು ಮಸೂದನನ್ನೂ ಕರೆದಿದ್ದ. ನೌಕರಿ ಹೋದೀತೆಂದು ಮಸೂದ ಒಲ್ಲೆ ಎಂದಿದ್ದ.

ಮರುದಿನ ಬಾಟಲಿ ಆರಿಸುವ ಕೋಣೆಯಲ್ಲಿ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರ್ ಮಸೂದನನ್ನೂ ಕರೆತಂದಿದ್ದ. ಮೆಹರಾಜಬೇಗಂ ಮಗನ ಕೈಯ ಬೇಡಿಯನ್ನು ನೋಡಲಾರದೆ ನೆಲ ನೋಡುತ್ತಿದ್ದಳು.

ಖುರ್ಷಿದಬೇಗಂ ಮೇಜಿನ ಮೇಲೆ ರಾಶಿಯಿಂದ ಆರಿಸಿದ ಚೂರುಗಳನ್ನು ಹರಡಿದರು. “ಇವು ಮಧ್ಯಾಹ್ನದವು, ತಳ ತೆಳ್ಳಗ. ಅಂದ್ರ ಗಾಜು ಅತೀ ಬಿಸಿ ಇತ್ತು. ಪರದೆ ಮ್ಯಾಲ ನೋಡಿದ್ರ ಶಾಖ ಕಡಿಮಿ. ಎರಡೂ ಖರೆ ಆಗಬೇಕಾದ್ರ ಒಂದೇ ದಾರಿ. ಯಾರೋ ಕಡ್ಡಿ ಹೊರಗ ಎಳೆದಾರ. ತಂಪು ಅದ ಅಂತ ತಿಳಿದು ಮಶೀನು ಗ್ಯಾಸ್ ಸುರಿದದ.”

“ಅದು ತಾನೇ ಜಾರಿರಬಹುದು,” ಎಂದ ಸೂರ್ಯಕಾಂತ. ಅಡ್ಡಮಾತು ಹಾಕದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ.

“ಜಾರಿದ ಕಡ್ಡಿ ತಾನೇ ಏರಿ ಕೂಡಂಗಿಲ್ಲ. ಶಂಕರಲಿಂಗ ಕೂಡಿಸಿದ್ರ ಮೊದಲು ಫೋನ್ ಮಾಡ್ತಿದ್ದ. ಇದು ಅವನನ್ನ ಓಣಿಗಿ ಇಳಿಸೂ ಉಪಾಯ. ತನ್ನ ಸೆನ್ಸರನ್ನ ಅಂವಾ ಬ್ಯಾರೆಯವರ ಕೈಗಿ ಕೊಡ್ತಿರಲಿಲ್ಲ. ಒಳಗ ಹೋದ ಕೂಡಲೇ ಬಾಗಿಲು ಜಡಿದು ಫ್ಯಾನ್ ಬಂದ್. ಸತ್ತ ಮ್ಯಾಲ ಫ್ಯಾನ್ ಹಚ್ಚಿ, ಹೊಗೆ ತಿಳಿಯಾಗಲು ಬಿಟ್ಟು, ಕಡ್ಡಿ ಹಿಂದಕ್ಕ ಕೂಡಿಸಿದ. ಎಲ್ಲಾ ಮೊದಲಿನಂಗ ಆಯ್ತು ಅಂತ ತಿಳಿದ.”

ಅವರು ಇನ್ನೊಂದು ಗುಂಪಿನ ಚೂರುಗಳನ್ನು ಮುಂದೆ ತಳ್ಳಿದರು.

“ಆದ್ರ ಆಗಲಿಲ್ಲ. ಕಡ್ಡಿ ಹೊರಗಿದ್ದಾಗ ಎಷ್ಟು ಗ್ಯಾಸ್ ಕೊಟ್ರೂ ಶಾಖ ಏರಲಿಲ್ಲಲ್ಲ? ಈ ಭಟ್ಟಿ ಜಡ್ಡು, ಜೋರಾಗಿ ನೂಕಬೇಕು ಅಂತ ಮಶೀನು ಸುಳ್ಳು ಪಾಠ ಕಲಿತು. ಕಡ್ಡಿ ಒಳಗ ಬಂದ ಮ್ಯಾಲೂ ಜೋರಾಗೇ ನೂಕ್ತು. ಒಮ್ಮೆ ಅತೀ ಬಿಸಿ, ಒಮ್ಮೆ ಅತೀ ತಂಪು. ಪಾಠ ಮರೆಯಲಿಕ್ಕ ಮರುದಿನ ಮಧ್ಯಾಹ್ನ ಬೇಕಾಯ್ತು. ಮಸೂದನೇ ಕೊಂದಿದ್ರ ಕಲಿಕಿ ಮೊದಲು ಬಂದ್ ಮಾಡ್ತಿದ್ದ. ಆವಾಗ ಈ ದಪ್ಪ ತೆಳ್ಳಗಿನ ಬಾಟಲಿ ಹುಟ್ತಿರಲಿಲ್ಲ. ಕೊಂದಾಂವಗ ಮಶೀನು ಕಲೀತದ ಅನ್ನೋದೇ ಗೊತ್ತಿರಲಿಲ್ಲ.”

ಎಲ್ಲರ ಕಣ್ಣು ಸಲಾವುದ್ದೀನನ ಕಡೆ ಹೊರಳಿತು.

“ಮೇಸ್ತ್ರಿ ಇಡೀ ಪಾಳಿ ಹುಡುಗರ ಎದುರಿಗಿದ್ದ. ಉಳಿದ ಕೀಲಿ ಒಂದೇ. ಭಗವಂತರಾವ್, ನೀವು ಮಧ್ಯಾಹ್ನದಿಂದ ಕಿಟಕಿ ಬಿಟ್ಟು ಎದ್ದಿಲ್ಲ, ಒಂದೂ ಬಾಟಲಿ ಒಡೀಲಿಲ್ಲ ಅಂದ್ರಿ. ನಿಮ್ಮ ಕಾಲ ಬುಡಕ್ಕೇ ರಾಶಿ ಒಡೆದು ಬಿದ್ದದ. ನೀವು ಆ ಕುರ್ಚಿ ಮ್ಯಾಲ ಇರಲಿಲ್ಲ.”

ಭಗವಂತರಾವ್ ಬೆವರು ಒರೆಸಿಕೊಂಡ. “ಸುಳ್ಳು! ಕಡ್ಡಿ ನಾಕ್ ಬೆರಳು ಎಳೆದ್ರ ಅಷ್ಟರಾಗೇ ಬಾಟಲಿ ಹೆಂಗ ತೆಳ್ಳಗ ಆಗ್ತಾವು?”

“ಎಷ್ಟು ಬೆರಳು ಅಂತ ಯಾರೂ ಹೇಳಿಲ್ಲಲ್ರಿ,” ಎಂದರು ಖುರ್ಷಿದಬೇಗಂ ಮೆಲ್ಲಗೆ.

ಅವನು ಬಾಗಿಲ ಕಡೆ ಹೆಜ್ಜೆ ಹಾಕಿದ. ಇನ್‌ಸ್ಪೆಕ್ಟರ್ ಎದ್ದು ಬಾಗಿಲಿಗೆ ಅಡ್ಡ ನಿಂತ. ಭಟ್ಟಿಯ ಗೋಡೆಗೆ ಹಿಂದಿನ ಸಲ ಕಳಪೆ ಇಟ್ಟಿಗೆ ಹಾಕಿಸಿದ್ದು ತಾನೇ ಎಂದು ಭಗವಂತರಾವ್ ಸಂಜೆಯೊಳಗೆ ಒಪ್ಪಿಕೊಂಡ. ಭಟ್ಟಿ ನಿಂತು ಗೋಡೆ ಬಿಚ್ಚಿದರೆ ಬಣ್ಣ ಬಯಲಾಗುತ್ತಿತ್ತು. ಒಂದು ಮರ್ಯಾದೆ ಉಳಿಸಿಕೊಳ್ಳಲು ಒಂದು ಜೀವ ತೆಗೆದ, ಇನ್ನೊಂದು ಜೀವವನ್ನು ನೇಣಿಗೆ ಕಳಿಸಲು ಹೊರಟಿದ್ದ. ಸೂರ್ಯಕಾಂತನಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು.

ಭಟ್ಟಿಯ ಗಾಜನ್ನು ಬಸಿದು ಆರಿಸಿದಾಗ ಗೋಡೆ ಒಂದೆಡೆ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಅದರ ಮುಂದೆ ದಿನಾ ನಿಲ್ಲುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು.

ಬಿಡುಗಡೆಯಾದ ಮಸೂದ ಮನೆಗೆ ಹೋಗಲೊಪ್ಪಲಿಲ್ಲ. ಆಳಂದ ತಾಲೂಕಿನ ಮಟಕಿಗೆ, ಶಂಕರಲಿಂಗನ ಮನೆಗೆ ಕರೆದೊಯ್ಯಿರಿ ಎಂದ. ಮಣ್ಣಾದ ದಿನದಿಂದ ಶಂಕರಲಿಂಗನ ತಾಯಿ ಮಾಣಿಕಮ್ಮ ಒಂದು ಹನಿ ಕಣ್ಣೀರು ಹಾಕಿಲ್ಲವೆಂದು ಓಣಿಯ ಹೆಂಗಸರು ಆತಂಕದಲ್ಲಿದ್ದರು. ಮಸೂದ ಅವಳ ಕಾಲ ಬಳಿ ಕುಳಿತ.

“ಅವ್ವಾ, ಮಾಲಕರ ಮುಂದ ನನ್ನ ಜೋಡಿ ನಿಂದರು ಅಂದಿದ್ದ. ನಾ ಒಲ್ಲೆ ಅಂದೆ. ನಾ ನಿಂತಿದ್ರ ಅಂವಾ ಒಬ್ಬನೇ ಆಗ್ತಿರಲಿಲ್ಲ.”

ಮಾಣಿಕಮ್ಮ ಅವನ ಕಡೆ ಬಾಗಿದಳು. “ನಿನ್ನ ಮ್ಯಾಲ ಸಿಟ್ಟ ಇಟಗೊಂಡೇ ಹೋದನೇನಪ್ಪ?”

“ಇಲ್ಲವ್ವಾ. ಇಳಿದು ಹೋಗುವಾಗ, ಬರ್ತೇನಿ, ಇಬ್ಬರಿಗೂ ಚಹಾ ಹೇಳಿಡು ಅಂದ.”

ಮಾಣಿಕಮ್ಮ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಬಾಯಿಬಿಟ್ಟು ಅತ್ತಳು.