ಗೆದ್ದವರ ಪಟ್ಟಿ

"ಆಡಿ, ಬೇಡ ಅನ್ನಲ್ಲ. ಗೆದ್ರೆ ಮಾತ್ರ ಹೆಸರು ಬರೀಬೇಡಿ," ಎನ್ನುತ್ತಾ ಮುದುಕ ಮೆಕ್ಯಾನಿಕ್ ಬೈಕ್ ರೇಸಿನ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟನ್ನು ರಿಪೇರಿ ಮೇಜಿನ ಮೇಲಿಟ್ಟ. "ನನ್ನ ತಮ್ಮಂದು. ಸೋಲು ಅಂದ್ರೆ ಆಗ್ತಿರ್ಲಿಲ್ಲ ಅವನಿಗೆ. ಗೆದ್ದವರ ಪಟ್ಟೀಲಿ ತನ್ನ ಹೆಸರಿನ ಮೇಲೆ ಯಾರ ಹೆಸರು ಬಂದ್ರೂ ಅವರ ಉಸಿರು ನಿಲ್ಲಲಿ ಅಂತ ಮಾಟ ಮಾಡಿಸಿಟ್ಟು ಸತ್ತ."

ಟೀವಿ ರಿಪೇರಿಯವನು ಈ ಬೀದಿಗೆ ಬಂದು ತಿಂಗಳಾಗಿತ್ತಷ್ಟೆ. "ಮಂತ್ರವಾದಿಗೆ ಯಾವ ಬಟನ್ ಒತ್ತಬೇಕು ಅಂತ ಗೊತ್ತಿತ್ತಾ ಯಜಮಾನ್ರೇ?" ಎಂದು ನಕ್ಕ.

ಮಧ್ಯಾಹ್ನ ರಿಪೇರಿಯವನು ಕ್ಯಾಸೆಟ್ಟಿನ ತಾಮ್ರದ ತುದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಸರಿಯಾಯಿತೋ ಎಂದು ಆಡಿ ನೋಡಿದ. ನಾಲ್ಕನೇ ಸಲ ಗೆದ್ದ. ಪರದೆಯ ಪಟ್ಟಿಯಲ್ಲಿ ಹೆಸರಿಗೆ ಮೂರು ಖಾಲಿ ಚೌಕ. ಪಾಸ್‌ವರ್ಡಿನಿಂದ ಹಿಡಿದು ಸ್ಕ್ರೂಡ್ರೈವರಿನ ಹಿಡಿಯವರೆಗೆ ಎಲ್ಲೆಲ್ಲೂ ಮಗಳ ಹೆಸರು ಬರೆಯುವುದು ಅವನ ಚಾಳಿ. ಅವಳ ಮುದ್ದುಹೆಸರನ್ನೇ ಒತ್ತಿದ.

ಸುಟ್ಟ ರಬ್ಬರಿನ ವಾಸನೆ ಎದ್ದಿತು. ಪರದೆಯ ಬೈಕು ತಾನಾಗಿ ಓಡತೊಡಗಿತು. ಅಂಗಡಿಯ ಹಿಂದೆ, ಮನೆಯ ಒಳಕೋಣೆಯಲ್ಲಿ ಹೆಂಡತಿ ಕಿರುಚಿದಳು.

ಆರು ವರ್ಷದ ಮಗಳು ಚಾಪೆಯ ಮೇಲೆ ಸೆಟೆದುಕೊಂಡಿದ್ದಳು. ಮುಷ್ಟಿಗಳು ಹ್ಯಾಂಡಲ್ ಹಿಡಿದಂತೆ ಬಿಗಿದಿದ್ದವು. ತುಟಿ ನೀಲಿಗಟ್ಟಿತ್ತು. ಎದೆಯೊಳಗೆ ಎಂಜಿನ್ ಗುರುಗುಟ್ಟುತ್ತಿತ್ತು. ಅವನು ಓಡಿಹೋಗಿ ಟೀವಿಯ ಪ್ಲಗ್ ಕಿತ್ತ. ಬೈಕು ನಿಲ್ಲಲಿಲ್ಲ.

ಮುದುಕನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ. "ಯಾರ ಹೆಸರು ಬರೆದ್ರಿ?"

"ಮಗಳದು."

"ಅಯ್ಯೋ... ಕ್ಯಾಸೆಟ್ಟಿನೊಳಗೆ ಹೆಸರು ಉಳಿಸೋ ಒಂದು ಸಣ್ಣ ಸೆಲ್ ಇದೆ. ಕಿತ್ರೆ ಹೆಸರು ಅಳಿಸಿಹೋಗುತ್ತೆ, ಮಗು ಉಳಿಯುತ್ತೆ. ಆದ್ರೆ ಬರೆದವರಿಗೂ ಆ ಹೆಸರಿಗೂ ಇರೋ ಋಣ ಅಲ್ಲಿಗೆ ಹರೀತು ಅಂತ ತಿಳ್ಕೊಳ್ಳಿ."

"ಋಣ ಮನೆ ಹಾಳಾಗ್ಲಿ!"

ಸ್ಕ್ರೂ ಬಿಚ್ಚಿದ. ಕೈ ಜಾರಿತು. ಒಳಗೆ ಮಗಳ ಎದೆಯ ಗುರುಗುಟ್ಟುವ ಸದ್ದು ನಿಂತಿತು. ಉಸಿರೂ ನಿಂತಿತು. ಬೆಸುಗೆ ಕರಗಿಸಲು ಹೊತ್ತಿಲ್ಲ. ಉಗುರಿನಿಂದ ಮೀಟಿದ. ಉಗುರು ಕಿತ್ತುಬಂತು. ಮತ್ತೆ ಮೀಟಿದ. ಸೆಲ್ ಬಂತು. ಪರದೆ ಕಪ್ಪಾಯಿತು.

ಒಳಗೆ ಓಡಿಹೋದಾಗ ಮಗಳು ಎದ್ದು ಕೂತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಕರೆಯಲು ಬಾಯಿ ತೆರೆದ. ಸಾವಿರ ಸಲ ಕರೆದಿದ್ದ ಆ ಹೆಸರು ನಾಲಿಗೆಗೆ ಬರಲಿಲ್ಲ. ಸುಮ್ಮನೆ ಬಾಚಿ ತಬ್ಬಿಕೊಂಡ. ಅವಳು ಕೊಸರಿಕೊಂಡು ಅಮ್ಮನ ಬೆನ್ನ ಹಿಂದೆ ಅಡಗಿದಳು.

"ಅಮ್ಮಾ, ಈ ಅಂಕಲ್ ಯಾಕೆ ಅಳ್ತಿದ್ದಾರೆ?"

ಹೆಂಡತಿ ಮಗಳನ್ನು ಮುಂದಕ್ಕೆಳೆದಳು. "ಅಪ್ಪ ಕಣೇ ಅವ್ರು..."

ಮಗು ಅವನನ್ನು ದುರುಗುಟ್ಟಿ ನೋಡಿತು.

"ನನ್ನ ಮುಟ್ಬೇಡಿ. ಅಪ್ಪ ಬರ್ಲಿ, ಹೇಳ್ತೀನಿ."